ಸೆರಗಿನೊಳಗೆ ಹೋದ ಸೀಟಿ

ಕುಕ್ಕರಿನ ನೆತ್ತಿಯ ಮೇಲೆ ಕೂತು ಕೂಗುವ ಸೀಟಿ ನಾನು. ಮುಷ್ಟಿ ಕಟ್ಟಿದರೆ ಕಾಣದಂತಾಗುವಷ್ಟು ಚಿಕ್ಕ ದೇಹ, ಬಾಯಿ ತೆರೆದರೆ ನಾಲ್ಕು ಮನೆಯಾಚೆ ಕೇಳುವಷ್ಟು ದೊಡ್ಡ ಗಂಟಲು. ಇಂಥ ಬಾಯಿಬಡುಕ ವಸ್ತುವನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಕೋರ್ಟಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದ್ದರು ಎಂದರೆ ನೀವು ನಗಬಹುದು. ನನಗೇನೂ ನಗು ಬರಲಿಲ್ಲ.

ನಾನು ಹುಟ್ಟಿದ್ದು ಬೆಳಗಾವಿ ಕಡೆಯ ಒಂದು ತಗಡಿನ ಶೆಡ್ಡಿನಲ್ಲಿ. ಲೇತ್ ಯಂತ್ರಕ್ಕೆ ಸಿಕ್ಕ ಉಕ್ಕಿನ ಸರಳೊಂದು ಗರಗರ ತಿರುಗಿ, ಹೊಟ್ಟೆ ಕೊರೆಸಿಕೊಂಡು, ಪಕ್ಕೆಗೆ ತೂತು ಬೀಳಿಸಿಕೊಂಡು, ತಲೆಗೆ ಕರಿ ಟೋಪಿ ಹಾಕಿಸಿಕೊಂಡು ನಾನಾಯಿತು. ಅಲ್ಲಿದ್ದ ಹೆಂಗಸೊಬ್ಬಳು ಗಾಳಿಯ ನಳಿಗೆಗೆ ನನ್ನನ್ನು ಸಿಕ್ಕಿಸಿದಾಗ ಕೀ ಎಂದು ಕೂಗಿದೆ. ಅವಳು ತಲೆಯಾಡಿಸಿ ಪಕ್ಕದ ಬುಟ್ಟಿಗೆ ಎಸೆದಳು. ಬೇಳೆ, ಅಕ್ಕಿ, ಬಿಸಿ ಹಬೆ ಎಲ್ಲ ಮುಂದೆ ಸಿಗುತ್ತವೆ ಎಂದು ಬುಟ್ಟಿಯ ತುಂಬ ನಾವೆಲ್ಲ ಕಾಯುತ್ತಿದ್ದೆವು.

ಅಲ್ಲಿಂದ ನನ್ನನ್ನು ತಂದದ್ದು ಗದಗ ಕಡೆಯ ಒಂದು ತಾಲೂಕು ಊರಿಗೆ, ಅಂದಾನಪ್ಪ ಶೆಟ್ಟರ ಅಂಗಡಿಗೆ. ಮೊದಲು ಅದು ಶೆಟ್ಟರು ರೊಕ್ಕದ ಗಲ್ಲೆಯ ಮುಂದೆ ಕೂತು, ಕೇಳಿದ್ದನ್ನು ಒಳಗಿನಿಂದ ತೆಗೆದುಕೊಡುತ್ತಿದ್ದ ಅಂಗಡಿಯಂತೆ. ಈಗ ಹೊಸ ನಮೂನೆ ಮಾಡಿಸಿದ್ದರು. ಗಿರಾಕಿಗಳೇ ಬುಟ್ಟಿ ಹಿಡಿದು ಓಡಾಡಿ, ಬೇಕಾದ್ದನ್ನು ಮುಟ್ಟಿ ನೋಡಿ ತೆಗೆದುಕೊಳ್ಳಬೇಕು. ಪಾತ್ರೆಗಳ ಸಾಲಿನಲ್ಲಿ ಒಂದು ಕುಕ್ಕರನ್ನು ಡಬ್ಬಿಯಿಂದ ಹೊರಗೆ ತೆಗೆದು ನೋಡುವವರಿಗಾಗಿ ಇಟ್ಟರು. ಅದರ ಮೇಲೆ ನನ್ನನ್ನು ಕೂರಿಸಿದರು. ಒಲೆಯಿಲ್ಲ, ನೀರಿಲ್ಲ, ಹಬೆಯಿಲ್ಲ. ಬಂದವರೆಲ್ಲ ನನ್ನ ತಲೆ ಹಿಡಿದು ಎತ್ತಿ, ಮತ್ತೆ ಇಟ್ಟು ಹೋಗುತ್ತಿದ್ದರು. ಆ ಸಾಲನ್ನು ನೋಡಿಕೊಳ್ಳುವ ಮುಬೀನಾ ಎಂಬ ಹುಡುಗಿ ದಿನಾ ಬೆಳಿಗ್ಗೆ ನನ್ನ ಧೂಳು ಒರೆಸುತ್ತಿದ್ದಳು.

ಒಂದು ದಿನ ಫಕೀರವ್ವ ಬಂದಳು. ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು. ತಲೆ ಅರ್ಧ ಬೆಳ್ಳಗಾಗಿತ್ತು, ಕೈಗೆ ಒಗ್ಗರಣೆಯ ವಾಸನೆ ಅಂಟಿಕೊಂಡಿತ್ತು. ಗಂಡ ತೀರಿಕೊಂಡ ಮೇಲೆ ಆ ಶಾಲೆಯ ಒಲೆಯೇ ಅವಳ ಬದುಕು. ಮುಬೀನಾಳ ಹತ್ತಿರ ಹೋಗಿ, ಬರೀ ಸೀಟಿ ಸಿಗುತ್ತದೇನು ಎಂದು ಕೇಳಿದಳು. ಬಿಡಿ ಸೀಟಿ ಇಟ್ಟಿಲ್ಲ, ಕಂಪನಿಗೆ ಹೇಳಿ ತರಿಸಬೇಕು, ಎಂಟು ಹದಿನೈದು ದಿನ ಹಿಡಿಯುತ್ತದೆ ಎಂದಳು ಮುಬೀನಾ. ಫಕೀರವ್ವನಿಗೆ ಅಷ್ಟು ಪುರಸೊತ್ತು ಇರಲಿಲ್ಲ.

ಅದರ ಹಿಂದೆ ಒಂದು ಕಥೆಯಿತ್ತು. ಅವಳ ಓಣಿಯಲ್ಲಿ ಒಬ್ಬರು ಕೊಂಡರೆಂದು ಉಳಿದವರೂ ಒಂದೇ ಕಂಪನಿಯ ಕುಕ್ಕರ್ ಕೊಂಡಿದ್ದರು. ವರ್ಷ ಕಳೆದಂತೆ ಒಬ್ಬೊಬ್ಬರ ಸೀಟಿ ಕಳೆದು, ಕೊನೆಗೆ ಗಿರಿಜವ್ವನ ಮನೆಯ ಸೀಟಿಯೊಂದೇ ಉಳಿದಿತ್ತು. ಹೆಪ್ಪಿಗೆ ಮಜ್ಜಿಗೆ ಒಯ್ದಂತೆ ಎಲ್ಲರೂ ಅದನ್ನೇ ಒಯ್ಯುತ್ತಿದ್ದರು. ಗಿರಿಜವ್ವ ಮನೆಯಲ್ಲಿಲ್ಲದಿದ್ದರೂ ಅಡ್ಡಿಯಿಲ್ಲ. ಅಡುಗೆಮನೆಗೆ ಹೋಗಿ ಗೋಡೆಯೊಳಗಿನ ಮಾಡದಿಂದ ಎತ್ತಿಕೊಂಡು, ಅನ್ನ ಆದ ಮೇಲೆ ತಂದಿಟ್ಟು ಹೇಳಿದರಾಯಿತು. ಆ ಸೀಟಿಯನ್ನು ಫಕೀರವ್ವ ಮುಸುರೆ ನೀರಿನ ಜೊತೆ ಗಟಾರಕ್ಕೆ ಚೆಲ್ಲಿಬಿಟ್ಟಿದ್ದಳು. ಗಿರಿಜವ್ವ ಬೈದಿದ್ದರೆ ಸರಿಹೋಗುತ್ತಿತ್ತು. ಬೈಯಲಿಲ್ಲ. 'ನನ್ನ ಸೀಟಿ ಬಂತೇನ?' ಎಂದು ದಿನಾ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು, ಅದೂ ಓಣಿಯವರಿಗೆಲ್ಲ ಕೇಳುವಂತೆ.

ಫಕೀರವ್ವ ತಿರುಗಿ ನನ್ನ ಹತ್ತಿರ ಬಂದು ನಿಂತಳು. ಅವಳ ಮನಸ್ಸಿನಲ್ಲಿ ಏನು ಓಡಿತ್ತೆಂದು ಮುಂದೆ ಅವಳ ಬಾಯಿಂದಲೇ ಕೇಳಿದ್ದೇನೆ. ಈಗ ಒಯ್ದು ಗಿರಿಜವ್ವನ ಬಾಯಿ ಮುಚ್ಚಿಸೋಣ, ಕಂಪನಿಯದು ಬಂದ ಮೇಲೆ ಇಲ್ಲಿ ತಂದಿಟ್ಟರಾಯಿತು, ಈ ಕುಕ್ಕರಿನಲ್ಲಿ ಯಾರೂ ಅನ್ನ ಮಾಡುವುದಿಲ್ಲವಲ್ಲ ಎಂದುಕೊಂಡಳಂತೆ. ಅಂಗಡಿಯನ್ನು ಅವಳು ನೆರೆಮನೆಯ ಮಾಡ ಎಂದುಕೊಂಡಿದ್ದಳು. ನನ್ನನ್ನು ಎತ್ತಿ, ಸೆರಗಿನ ತುದಿಯಲ್ಲಿ ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಕತ್ತಲೆ. ಅವಳು ಬಾಗಿಲ ಕಡೆ ಬೇಗಬೇಗ ಹೆಜ್ಜೆ ಹಾಕಿದಳು. ಕೂಗಿ ಹೇಳೋಣವೆಂದರೆ ಹಬೆಯಿಲ್ಲದೆ ನಾನು ಮೂಕ.

ಬಾಗಿಲ ಬಳಿ ಶೆಟ್ಟರು ತಡೆದರು. ಛಾವಣಿಯ ಕ್ಯಾಮೆರಾದಲ್ಲಿ ಎಲ್ಲವೂ ಕಂಡಿತ್ತು. ಗಂಟು ಬಿಚ್ಚಿಸಿದಾಗ ನಾನು ನೆಲಕ್ಕೆ ಬಿದ್ದು ಉರುಳಿ ಮುಬೀನಾಳ ಕಾಲ ಬಳಿ ನಿಂತೆ. ಫಕೀರವ್ವ ರೊಕ್ಕ ಕೊಡುತ್ತೇನೆ, ಇಲ್ಲೇ ಇಟ್ಟು ಹೋಗುತ್ತೇನೆ, ಮತ್ತೆ ತಂದಿಡುವವಳೇ ಇದ್ದೆ ಎಂದು ಒಂದೇ ಉಸಿರಿನಲ್ಲಿ ಏನೇನೋ ಹೇಳಿದಳು. ಮುಬೀನಾ ನನ್ನನ್ನು ಎತ್ತಿಕೊಂಡು ಮೆಲ್ಲಗೆ ಅಂದಳು:

"ಹಿಂದ ಚಮಚಾ ಹೋದ್ವು, ಲೋಟಾ ಹೋದ್ವು. ಎಲ್ಲಾ ನನ್ನ ಪಗಾರದಾಗ ಹಿಡದಾರ್ರಿ ಅಮ್ಮಾರ. ಇದೂ ಹಿಡಿತಿದ್ರು."

ಶೆಟ್ಟರ ಗಂಟು ಹೋದರೆ ಹೋಯಿತು ಎಂಬ ಧೈರ್ಯವೊಂದು ಫಕೀರವ್ವನಲ್ಲಿತ್ತಲ್ಲ, ಅದು ಅಲ್ಲೇ ಇಳಿದುಹೋಯಿತು.

ಶೆಟ್ಟರು ಪೊಲೀಸರಿಗೆ ಫೋನು ಮಾಡಿದರು. ಕೈಗೆ ಬೇಡಿ ಹಾಕಿ ಎಳೆದೊಯ್ಯುತ್ತಾರೆ ಎಂದುಕೊಂಡಳು ಫಕೀರವ್ವ. ಹಾಗಾಗಲಿಲ್ಲ. ಕಳುವಾದ ಮಾಲಿನ ಬೆಲೆ ಐದು ಸಾವಿರಕ್ಕಿಂತ ಕಡಿಮೆ, ಹೀಗಾಗಿ ಕೋರ್ಟಿನ ಅಪ್ಪಣೆಯಿಲ್ಲದೆ ತಾವು ತನಿಖೆಯನ್ನೂ ಮಾಡುವಂತಿಲ್ಲ, ಹಿಡಿದೂ ಇಡುವಂತಿಲ್ಲ ಎಂದು ಠಾಣೆಯ ಸಾಹೇಬರು ಹೇಳಿದರು. ದೂರು ಬರೆದುಕೊಂಡು, ಶೆಟ್ಟರಿಗೆ ಕೋರ್ಟಿನ ದಾರಿ ತೋರಿಸಿದರು. ಆ ಸಂಜೆ ಅವಳು ಮನೆಗೆ ಹೋದಳು. ಆದರೆ ಸುದ್ದಿ ಅವಳಿಗಿಂತ ಮೊದಲೇ ಓಣಿ ಸೇರಿತ್ತು. ಮರುದಿನ ಶಾಲೆಯ ಮುಖ್ಯೋಪಾಧ್ಯಾಯಿನಿ ಕಸ್ತೂರಿ ಟೀಚರು ಕರೆಸಿ, ಈ ಪ್ರಕರಣ ಮುಗಿಯುವ ತನಕ ಅಡುಗೆಗೆ ಬರುವುದು ಬೇಡ, ಮಕ್ಕಳ ತಾಯಂದಿರು ಕೇಳುತ್ತಿದ್ದಾರೆ ಎಂದರು. ಶಾಲೆಯ ಒಲೆ ತನ್ನ ಕೈಗೆ ಮತ್ತೆ ಬರುತ್ತದೋ ಇಲ್ಲವೋ ಎಂಬ ಚಿಂತೆ ಅಂದಿನಿಂದ ಅವಳನ್ನು ಹಿಡಿಯಿತು.

ಕೋರ್ಟಿನ ಅಪ್ಪಣೆ ಬಂದ ಮೇಲೆ ಪೊಲೀಸರು ಅಂಗಡಿಗೆ ಬಂದು ಪಂಚನಾಮೆ ಮಾಡಿದರು. ಪಂಚರ ಎದುರಿಗೆ ನನ್ನನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ದಾರ ಕಟ್ಟಿ, ಬಿಸಿ ಅರಗು ಹನಿಸಿ ಮುದ್ರೆ ಒತ್ತಿದರು. ಅಂದಿನಿಂದ ನಾನು ಸೀಟಿಯಲ್ಲ, ಮುದ್ದೆಮಾಲು. ಅಂದರೆ ಕೇಸಿನ ಸಾಕ್ಷಿ ಮಾಲು. ಕೋರ್ಟಿನ ಕಪಾಟಿನಲ್ಲಿ ನನ್ನ ಒಂದು ಮಗ್ಗುಲಿಗೆ ರಕ್ತ ಒಣಗಿದ ಕುಡುಗೋಲು, ಇನ್ನೊಂದು ಮಗ್ಗುಲಿಗೆ ಇಸ್ಪೀಟು ಎಲೆಗಳ ಕಟ್ಟು. ಅವರ ಕೇಸುಗಳ ಮುಂದೆ ನನ್ನದು ಹೇಳಿಕೊಳ್ಳುವಂಥದ್ದಲ್ಲ. ಆದರೂ ಅರಗು ನಮಗೆಲ್ಲ ಒಂದೇ ಬಣ್ಣದ್ದು.

ಫಕೀರವ್ವನಿಗೆ ವಕೀಲರನ್ನು ಇಡುವ ಶಕ್ತಿ ಇರಲಿಲ್ಲ. ಉಚಿತ ಕಾನೂನು ನೆರವಿನಿಂದ ಒಬ್ಬ ತರುಣ ವಕೀಲ ಸಿಕ್ಕ. ಮೊದಲು ಶೆಟ್ಟರ ಹತ್ತಿರ ರಾಜಿಗೆ ಹೋದ. ಇಂಥ ಕೇಸಿನಲ್ಲಿ ಮಾಲಿನ ಧಣಿ ಒಪ್ಪಿದರೆ ರಾಜಿಯಾಗಿ ಮುಗಿಸಬಹುದು. ಒಬ್ಬರನ್ನು ಬಿಟ್ಟರೆ ನಾಳೆ ಊರೇ ಸೆರಗು ಗಂಟು ಹಾಕುತ್ತದೆ ಎಂದು ಶೆಟ್ಟರು ಒಪ್ಪಲಿಲ್ಲ. ಆಗ ವಕೀಲ ಬೇರೆ ಹಾದಿ ಹೇಳಿದ. ಓಣಿಯಲ್ಲಿ ಸೀಟಿ ಒಯ್ದು ತಂದಿಡುವ ರೂಢಿ ಇದೆ, ನೀವು ಕದಿಯಲಿಲ್ಲ, ತಂದಿಡುವವರಿದ್ದಿರಿ ಎಂದು ವಾದ ಮಾಡೋಣ ಎಂದ. ಫಕೀರವ್ವ ಹೂಂ ಎಂದಳು. ಅದು ಅವಳ ಮನಸ್ಸಿಗೂ ಹಿತವಾದ ಮಾತೇ.

ವಿಚಾರಣೆಯ ದಿನ ನನ್ನ ಗಂಟನ್ನು ತಂದು ಮೇಜಿನ ಮೇಲೆ ಇಟ್ಟರು. ಮ್ಯಾಜಿಸ್ಟ್ರೇಟರು ಕನ್ನಡಕ ಹಾಕಿದ, ಮೈಸೂರು ಕಡೆಯ ಮಾತಿನ ಹೆಣ್ಣುಮಗಳು. ಆರೋಪ ಓದಿಸಿ, ಒಪ್ಪುತ್ತೀರಾ ಎಂದು ಕೇಳಿದರು. ವಕೀಲ ಹೇಳಿಕೊಟ್ಟಂತೆ ಫಕೀರವ್ವ ಓಣಿಯ ರೂಢಿಯನ್ನೆಲ್ಲ ಹೇಳಿದಳು. ಅವರು ಪೂರ್ತಿ ಕೇಳಿದರು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ ಕೇಳಿದರು:

"ಓಣಿಯಲ್ಲಿ ಒಯ್ಯುವಾಗಲೂ ಹೀಗೇ ಸೆರಗಿನಲ್ಲಿ ಗಂಟು ಹಾಕ್ಕೊಂಡು ಹೋಗ್ತೀರಾ, ಅಮ್ಮ?"

ಬಾಗಿಲ ಹತ್ತಿರ ಸಾಕ್ಷಿ ಹೇಳಲು ಬಂದ ಮುಬೀನಾ ನಿಂತಿದ್ದಳು. ಫಕೀರವ್ವ ಅವಳನ್ನು ನೋಡಿದಳು. ವಕೀಲ ಸಣ್ಣಗೆ ಕೆಮ್ಮಿದ.

"ಇಲ್ರಿ. ಅಲ್ಲಿ ಅಂಗೈಯಾಗ ಹಿಡ್ಕೊಂಡ ಹೋಗ್ತೀನ್ರಿ," ಅಂದಳು. ಆಮೇಲೆ ತಾನಾಗಿಯೇ ಸೇರಿಸಿದಳು: "ತಪ್ಪಂತ ಗೊತ್ತಿತ್ರಿ ನನಗ. ತುಡುಗ ಮಾಡೇನ್ರಿ."

ಅರಗಿನೊಳಗೆ ಕೂತಿದ್ದ ನನಗೆ ಅವಳ ಮೇಲೆ ಆಗ ಹುಟ್ಟಿದ ಪ್ರೀತಿ ಇಂದಿಗೂ ಕಡಿಮೆಯಾಗಿಲ್ಲ. ಕೂಗದೆಯೂ ಬಾಯಿ ತೆರೆಯಬಹುದು ಎಂದು ನನಗೆ ತಿಳಿದದ್ದೇ ಅಂದು.

ಮ್ಯಾಜಿಸ್ಟ್ರೇಟರು ತೀರ್ಪು ಕೊಟ್ಟರು. ಇದು ಮೊದಲ ತಪ್ಪು, ಮಾಲಿನ ಬೆಲೆ ಸಣ್ಣದು, ಮಾಲು ವಾಪಸು ಸಿಕ್ಕಿದೆ. ಇಂಥವರಿಗೆ ಜೈಲಿನ ಬದಲು ಸಮುದಾಯ ಸೇವೆ ಎಂದು ಕಾನೂನೇ ಹೇಳುತ್ತದೆ ಎಂದರು. ಪ್ರತಿ ಭಾನುವಾರ ತಾಲೂಕು ಆಸ್ಪತ್ರೆಗೆ ಹೋಗಿ, ಹೇಳಿದ ಕೆಲಸವನ್ನು ಕೂಲಿಯಿಲ್ಲದೆ ಮಾಡಬೇಕು. ಆದರೆ ಶಿಕ್ಷೆ ಶಿಕ್ಷೆಯೇ, ದಾಖಲೆಯಲ್ಲಿ ಉಳಿಯುತ್ತದೆ ಎಂದೂ ಎಚ್ಚರಿಸಿದರು. ಎರಡನೇ ಸಲ ಇದೇ ತಪ್ಪಿಗೆ ಬಂದರೆ ಈ ದಾರಿ ಮುಚ್ಚಿರುತ್ತದೆ, ಆಗ ಕನಿಷ್ಠ ಒಂದು ವರ್ಷ ಜೈಲು. ನನ್ನನ್ನು ಶೆಟ್ಟರಿಗೆ ಹಿಂದಿರುಗಿಸಬೇಕೆಂದೂ ಬರೆಸಿದರು.

ಹೀಗೆ ನಾನು ಮತ್ತೆ ಅಂಗಡಿಗೆ ಬಂದೆ. ಕುಕ್ಕರಿನ ಮೇಲೆ ಆಗಲೇ ಬೇರೆ ಸೀಟಿ ಕೂತಿತ್ತು. ಶೆಟ್ಟರು ನನ್ನನ್ನು ಗಲ್ಲೆಯ ಪಕ್ಕದ ಡ್ರಾದಲ್ಲಿ ಹಾಕಿದರು. ನನ್ನನ್ನು ಕಂಡಾಗಲೆಲ್ಲ ಅವರ ಮುಖ ಸ್ವಲ್ಪ ಹುಳಿಯಾಗುತ್ತಿತ್ತು. ಆದರೆ ಎರಡು ಸಂಗತಿ ಬದಲಾಗಿದ್ದವು. ಬಿಡಿ ಸೀಟಿಗಳ ಒಂದು ಡಬ್ಬಿ ಅಂಗಡಿಗೆ ಬಂದಿತ್ತು. ಕಳೆದ ಮಾಲನ್ನು ಮುಬೀನಾಳ ಪಗಾರದಲ್ಲಿ ಹಿಡಿಯುವುದು ನಿಂತಿತ್ತು. ತೀರ್ಪಿಗೆ ಮೊದಲು ಆ ಮಾತು ಮುಬೀನಾಳ ಬಾಯಿಂದ ಕೋರ್ಟಿನಲ್ಲಿ ಹೊರಬಿದ್ದಾಗ ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿನಿಂದ ಶೆಟ್ಟರನ್ನು ನೋಡಿದ್ದರು, ಅಷ್ಟೇ ಸಾಕಾಗಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಡ್ರಾದ ಹೊರಗೆ ಪರಿಚಯದ ದನಿ ಕೇಳಿತು. ಹೋದವಳು ಮತ್ತೆ ಈ ಮೆಟ್ಟಿಲು ಹತ್ತುತ್ತಾಳೆಂದು ಶೆಟ್ಟರೂ ಎಣಿಸಿರಲಿಲ್ಲ. ಒಂದು ಸೀಟಿ ಬೇಕು ಎಂದಳು ಫಕೀರವ್ವ. ಅವರು ಹೊಸ ಡಬ್ಬಿ ಮುಂದೆ ಸರಿಸಿದರು. ಅದು ಬೇಡ, ಆ ಸೀಟಿಯೇ ಬೇಕು ಎಂದಳು. ಶೆಟ್ಟರು ಡ್ರಾ ಎಳೆದು ನನ್ನನ್ನು ತೆಗೆದು, ಇದನ್ನು ಯಾರಿಗೆ ಮಾರಲಿ, ಹಾಗೇ ಒಯ್ಯಿರಿ ಎಂದರು. ಅದೂ ಒಂದು ರೀತಿಯ ರಾಜಿಯೇ, ಆದರೆ ತಡವಾಗಿ ಬಂದದ್ದು.

"ಪುಕ್ಕಟೆ ಬ್ಯಾಡ್ರಿ ಸಾವಕಾರ್ರ," ಅಂದಳು ಅವಳು. "ಬಿಲ್ ಹಾಕಿ ಕೊಡ್ರಿ."

ಮುಬೀನಾ ಬಿಲ್ ಮಾಡಿ, ನನ್ನನ್ನು ಚೀಲದಲ್ಲಿ ಹಾಕಲು ಹೋದಳು. ಫಕೀರವ್ವ ಚೀಲ ಬೇಡವೆಂದು ಕೈ ಚಾಚಿದಳು. ಚಾಚಿದ ಅಂಗೈಯಲ್ಲಿ ನನ್ನನ್ನು ಇಟ್ಟುಕೊಂಡು, ಬೆರಳು ಮಡಿಸದೆ, ಬಜಾರಿನ ನಡುವೆ ನಡೆದಳು. ಹೂವಿನವರು ನೋಡಿದರು, ಬಳೆಗಾರರು ನೋಡಿದರು. ಠಾಣೆಯ ಮುಂದೆ ಕೂತಿದ್ದ ಪೇದೆಯೂ ನೋಡಿದ. ನೋಡಿದವರ ಮುಂದೆ ಅವಳ ನಡೆ ನಿಧಾನವಾಯಿತೇ ಹೊರತು ಕೈ ಮುಚ್ಚಲಿಲ್ಲ. ಹಿಂದೆ ಇದೇ ಹೆಂಗಸಿನ ಸೊಂಟದಲ್ಲಿ ಉಸಿರುಗಟ್ಟಿ ಕೂತಿದ್ದವನಿಗೆ ಆ ದಿನದ ಬಿಸಿಲು ಎಷ್ಟು ಹಿತವಾಗಿತ್ತೆಂದು ಹೇಗೆ ಹೇಳಲಿ. ಓಣಿಗೆ ಬಂದವಳೇ ನೇರ ಗಿರಿಜವ್ವನ ಮನೆಗೆ ಹೋಗಿ ನನ್ನನ್ನು ಮಾಡದಲ್ಲಿ ಇಟ್ಟಳು. ಗಿರಿಜವ್ವ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. ತಾನು ದಿನಾ ಬಾಗಿಲಲ್ಲಿ ನಿಂತು ಕೇಳಬಾರದಿತ್ತು ಎಂದು ಅತ್ತಳು. ಆಮೇಲೆ ಇಬ್ಬರೂ ಕೂಡಿ ಬೇಳೆ ಇಟ್ಟರು. ಹಬೆ ನನ್ನ ಹೊಟ್ಟೆಗೆ ಏರಿದಾಗ ಶೆಡ್ಡಿನಲ್ಲಿ ಹುಟ್ಟಿದಂದಿನಿಂದ ಕಟ್ಟಿಟ್ಟದ್ದನ್ನೆಲ್ಲ ಕೂಗಿಬಿಟ್ಟೆ.

ಉಳಿದ ಸಂಗತಿ ನಾನು ಕೇಳಿದ್ದು ಒಲೆಯ ಮೇಲೆ ಕೂತೇ. ಆಸ್ಪತ್ರೆಯಲ್ಲಿ ಮೊದಲ ಭಾನುವಾರ ಫಕೀರವ್ವ ಮುಖಕ್ಕೆ ಸೆರಗು ಎಳೆದುಕೊಂಡು ಕಸ ಹೊಡೆದಳಂತೆ. ಆಮೇಲೆ ಹಿಂದಿನ ಅಂಗಳದಲ್ಲಿ ರೋಗಿಗಳ ಕಡೆಯವರು ಕಲ್ಲಿನ ಒಲೆ ಹೂಡಿ ಗಂಜಿ ಸೀಯಿಸುವುದನ್ನು ಕಂಡು ಕೈ ಸುಮ್ಮನಿರಲಿಲ್ಲ. ನರ್ಸಮ್ಮನನ್ನು ಕೇಳಿ ಗಂಜಿಯ ಕೆಲಸವನ್ನೇ ವಹಿಸಿಕೊಂಡಳು. ಸೌಟು ಹಿಡಿದ ಕೈಗೆ ಸೆರಗು ಎಳೆದುಕೊಳ್ಳಲು ಬಿಡುವೆಲ್ಲಿ? ಶಿಕ್ಷೆಯ ಭಾನುವಾರಗಳು ಮುಗಿದ ಮೇಲೂ ಆಗಾಗ ಹೋಗುತ್ತಿದ್ದಳು.

ಶಾಲೆಯಲ್ಲಿ ಕಸ್ತೂರಿ ಟೀಚರು ತಾಯಂದಿರ ಸಭೆ ಕರೆದರಂತೆ. ಇಂಥವಳ ಕೈಯ ಊಟ ಬೇಡ ಎಂದವರಿದ್ದರು. ಕೋರ್ಟು ಕೊಟ್ಟ ಶಿಕ್ಷೆಯನ್ನು ಅವಳು ಮುಗಿಸಿದ್ದಾಳೆ, ಅದರ ಮೇಲೆ ನಮ್ಮದೊಂದು ಶಿಕ್ಷೆ ಯಾಕೆ ಎಂದರಂತೆ ಟೀಚರು. ಆಗ ಗಿರಿಜವ್ವ ಎದ್ದು ನಿಂತು, ನನ್ನ ಮೊಮ್ಮಗಳು ಆಕೆಯ ಕೈಯ ಸಾರನ್ನೇ ಕೇಳುತ್ತಾಳೆ ಎಂದಳಂತೆ. ಒಲೆ ಫಕೀರವ್ವನ ಕೈಗೆ ಬಂತು. ಮೊದಲ ದಿನ ಊಟದ ಸಾಲಿನಲ್ಲಿ ಒಬ್ಬ ಪೋರ ತಟ್ಟೆ ಹಿಡಿದು ಎಲ್ಲರೆದುರು ಕೇಳಿಯೇಬಿಟ್ಟ: "ಆಯಿ, ನೀ ಸೀಟಿ ತುಡುಗ ಮಾಡಿದ್ದೇನ?"

"ಮಾಡಿದ್ದೆ," ಅಂದಳಂತೆ ಫಕೀರವ್ವ. "ಶಿಕ್ಷಾನೂ ಆತು. ಈಗ ತಾಟ ಸರಿ ಹಿಡಿ, ಸಾರು ಚೆಲ್ಲತೈತಿ."

ಈಗ ನನಗೆ ವಯಸ್ಸಾಯಿತು. ಓಣಿಯ ಎಷ್ಟೋ ಮನೆಗಳ ಅನ್ನ, ಬೇಳೆ, ಆಲೂಗಡ್ಡೆ ನನ್ನ ಕೂಗಿನಲ್ಲೇ ಬೆಂದವು. ಹೊಟ್ಟೆಯ ತೂತು ಸವೆದು ಹಿಗ್ಗಿದೆ, ಕರಿ ಟೋಪಿ ಬಿರುಕು ಬಿಟ್ಟಿದೆ. ಕೂಗಲು ಹೋದರೆ ಬುಸ್ ಎನ್ನುತ್ತೇನೆ. ಓಣಿಗೆ ಹೊಸ ಸೀಟಿ ಬಂದಿದೆ, ನನ್ನನ್ನು ಫಕೀರವ್ವ ಗಿರಿಜವ್ವನನ್ನು ಕೇಳಿ ತನ್ನ ಮನೆಗೆ ತಂದುಕೊಂಡಿದ್ದಾಳೆ. ಗುಜರಿಯವನು ಬಂದಾಗ ಫಕೀರವ್ವ ಹಳೆಯ ಪಾತ್ರೆಗಳನ್ನೆಲ್ಲ ಹಾಕಿದಳು, ನನ್ನನ್ನು ಮಾತ್ರ ಹಾಕಲಿಲ್ಲ. ದೇವರ ಗೂಡಿನ ಪಕ್ಕ ಬೆಂಕಿಪೊಟ್ಟಣದ ಜೊತೆ ನನಗೊಂದು ಜಾಗ ಕೊಟ್ಟಿದ್ದಾಳೆ. ಅರಗಿನ ಕೆಂಪು ಕಲೆಯೊಂದು ಇನ್ನೂ ನನ್ನ ಪಕ್ಕೆಯಲ್ಲಿದೆ. ತಿಕ್ಕಿದರೆ ಹೋಗುತ್ತಿತ್ತು. ಅವಳು ತಿಕ್ಕಲಿಲ್ಲ, ನನಗೂ ಅದರ ಬಗ್ಗೆ ಬೇಸರವಿಲ್ಲ.

ಮೊನ್ನೆ ಗಿರಿಜವ್ವನ ಕಿರಿಯ ಮೊಮ್ಮಗಳು ಆಟಕ್ಕೆಂದು ನನ್ನನ್ನು ಮೆಲ್ಲಗೆ ಎತ್ತಿ, ಫ್ರಾಕಿನ ಜೇಬಿಗೆ ಇಳಿಸಿ ಬಾಗಿಲ ಕಡೆ ಹೊರಟಳು. ಫಕೀರವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ತಲೆ ಎತ್ತಲೂ ಇಲ್ಲ, ಬೈಯಲೂ ಇಲ್ಲ.

"ಒಯ್ಯವಾ, ಬ್ಯಾಡನ್ನೂದಿಲ್ಲ," ಅಂದಳು. "ಅಂಗೈಯಾಗ ಹಿಡ್ಕೊಂಡ ಹೋಗು."

ಹುಡುಗಿ ಒಂದು ಗಳಿಗೆ ನಿಂತಳು. ಆಮೇಲೆ ಜೇಬಿನಿಂದ ನನ್ನನ್ನು ತೆಗೆದು, ಪುಟ್ಟ ಅಂಗೈಯ ನಡುವೆ ಇಟ್ಟುಕೊಂಡು, ಬೀಳದ ಹಾಗೆ ನೋಡಿಕೊಳ್ಳುತ್ತ ಓಣಿಗೆ ಇಳಿದಳು.