ಕಲೌಂಡ್ರಾ ಎದುರಿನ ವಿದೇಶ

ನೊಲೀನ್ ಪ್ರಿಡೊ ನಮ್ಮ ಪಿಂಚಣಿ ಕಚೇರಿಗೆ ಫೋನ್ ಮಾಡಿದಾಗ, ನನ್ನ ಕಂಪ್ಯೂಟರಿನ ಪ್ರಕಾರ ಆಕೆ ವಿದೇಶದಲ್ಲಿದ್ದರು. ಆಕೆಯ ಪ್ರಕಾರ ಹಡಗಿನ ಕಟಕಟೆಗೆ ಒರಗಿ, ನಮ್ಮ ಕಚೇರಿಯಿರುವ ಇದೇ ಕಡಲೂರು ಕಲೌಂಡ್ರಾದಲ್ಲಿರುವ ತಮ್ಮ ಮನೆಯ ಬಾಲ್ಕನಿಯನ್ನು ನೋಡುತ್ತಿದ್ದರು.

“ಯಾರದೋ ದುರ್ಬೀನು ಇಸ್ಕೊಂಡಿದೀನಿ ಪುಟ್ಟಿ. ಪಕ್ಕದ್ಮನೆ ಬೆರಿಲ್ ನನ್ನ ಗಿಡಕ್ಕೆ ನೀರು ಹಾಕ್ತಿದಾಳೆ. ಬೇರು ಕೊಳೆಯೋ ಹಂಗೆ ಸುರೀತಿದಾಳೆ, ಮುಂಡೇದು!”

ಅಂಗವಿಕಲರ ಪಿಂಚಣಿ ಪಡೆಯುವವರು ವರ್ಷಕ್ಕೆ ಇಪ್ಪತ್ತೆಂಟು ದಿನ ಹೊರದೇಶದಲ್ಲಿರಬಹುದು. ಇಪ್ಪತ್ತೊಂಬತ್ತನೆಯ ದಿನ ಪಿಂಚಣಿ ನಿಲ್ಲುತ್ತದೆ. ನಿಂತರೆ ನೊಲೀನ್‌ಗೆ ಆ ಬಾಲ್ಕನಿಯೂ ಇಲ್ಲ, ಅದು ಬಾಡಿಗೆಯದು. ನ್ಯೂಜಿಲೆಂಡಿನಲ್ಲಿ ತಂಗಿ ಸಾಯುವಾಗ ಆಕೆಯ ಪಕ್ಕದಲ್ಲಿ ಕೂತು ಇಪ್ಪತ್ತು ದಿನ ಕಳೆದಿದ್ದವು. ಆಮೇಲೆ ಬೌಲ್ಸ್ ಆಟದ ಕ್ಲಬ್ಬಿನವರು ಮಾಂಸವನ್ನೇ ಬಹುಮಾನ ಇಡುವ ಲಾಟರಿಯಲ್ಲಿ, ಹಂದಿ ತೊಡೆ ಬರಬೇಕಾದ ಜಾಗದಲ್ಲಿ, ಹೊರದೇಶದ ನೌಮಿಯಾಗೆ ಹೋಗಿಬರುವ ಎಂಟು ದಿನದ ಹಡಗಿನ ಟಿಕೆಟ್ ಬಂತು. ಸರಿಯಾಗಿ ಇಪ್ಪತ್ತೆಂಟು. ಬೆರಳು ಮಡಚಿ ನೋಡಿಕೊಂಡೇ ಹತ್ತಿದ್ದರು.

ಬೆರಳಿಗೆ ಚಂಡಮಾರುತ ಗೊತ್ತಿರಲಿಲ್ಲ. ಅಲೆಗಳ ಅಬ್ಬರಕ್ಕೆ ಬಂದರು ಮುಚ್ಚಿತು. ಎಂಟನೆಯ ದಿನ, ಅಂದರೆ ಆಕೆ ಫೋನ್ ಮಾಡಿದ ದಿನ, ಹಡಗು ನಮ್ಮೂರಿನ ಎದುರಿಗೇ ನಿಂತುಬಿಟ್ಟಿತು.

“ಪಾಸ್‌ಪೋರ್ಟ್ ಬಂದರಿನಲ್ಲಿ ದಾಖಲಾಗೋವರೆಗೂ ನೀವು ವಿದೇಶದಲ್ಲೇ, ನೊಲೀನ್,” ಎಂದೆ.

“ಯಾವ ದೇಶ ಅಂತೆ?”

ಪರದೆ ನೋಡಿದೆ. ಆ ಜಾಗ ಖಾಲಿ ಇತ್ತು.

“ನನ್ನ ಫೋನಿಗೆ ಊರಿನ ಸಿಗ್ನಲ್ಲೇ ಬರ್ತಿದೆ ಕಣಮ್ಮ. ಫೋನ್ ಕಂಪನಿಗೆ ಗೊತ್ತಿರೋದು ಸರ್ಕಾರಕ್ಕೆ ಗೊತ್ತಿಲ್ವಾ?”

ಮೇಲ್ವಿಚಾರಕ ರಸ್ ಹತ್ತಿರ ಹೋದೆ. ಆತ ಕೇಕ್ ತಿನ್ನುತ್ತಿದ್ದ.

“ಚಂಡಮಾರುತ ಅಂದ್ರೆ ಪ್ರಕೃತಿ ವಿಕೋಪ, ದಿನ ಹೆಚ್ಚು ಕೊಡಬಹುದು,” ಎಂದ. “ಆದ್ರೆ ವಿಕೋಪ ಆಗಿರೋ ದೇಶದಿಂದ ಕಾಗದ ತರಿಸು.”

“ವಿಕೋಪ ಆಗಿರೋದು ಇಲ್ಲೇ ರಸ್. ಕಿಟಕೀಲಿ ನೋಡು.”

“ಇಲ್ಲಾದ್ರೆ ವಿದೇಶದ ವಿಕೋಪ ಅಲ್ವಲ್ಲ. ಲೆಕ್ಕಕ್ಕಿಲ್ಲ.”

ಅಂದರೆ ನೊಲೀನ್ ಹೊರದೇಶದಲ್ಲಿದ್ದರು, ಆಕೆಯನ್ನು ತಡೆದ ಗಾಳಿ ಮಾತ್ರ ಸ್ವದೇಶಿ. ಈ ತರ್ಕವನ್ನು ಆಕೆಗೆ ತಲುಪಿಸಿದೆ.

“ಆ ನಿನ್ನ ರಸ್ಸನ್ನ ಇಲ್ಲಿಗೆ ಕಳಿಸು ಪುಟ್ಟಿ. ಎರಡು ದಿನದಿಂದ ಇಲ್ಲಿರೋರೆಲ್ಲ ವಾಂತಿ ಮಾಡ್ತಿದಾರೆ. ಅವನು ಒರೆಸ್ಲಿ.” ಆಮೇಲೆ ದನಿ ಸಣ್ಣದಾಯಿತು. “ನಾಳೆ ನಿಲ್ಸಿಬಿಡ್ತೀರಾ?”

ದಿನ ಹೆಚ್ಚಿಸುವ ಅರ್ಜಿಯಲ್ಲಿ ನಾನು ನಿಜವನ್ನೇ ಬರೆದೆ. ಕಾರಣ: ಪ್ರಕೃತಿ ವಿಕೋಪ. ವಿಕೋಪದ ಸ್ಥಳ: ಕಲೌಂಡ್ರಾ. ಕಂಪ್ಯೂಟರ್ ಸ್ವಲ್ಪ ಹೊತ್ತು ಯೋಚಿಸಿತು. ಊರಿನ ವಿಕೋಪದಲ್ಲಿ ಸಿಕ್ಕಿಕೊಂಡವಳು ಊರಿನಲ್ಲೇ ಇರಬೇಕು ಎಂದುಕೊಂಡು, ‘ವಾಪಸಾಗಿದ್ದಾರೆ’ ಎಂದು ತಾನೇ ತುಂಬಿಕೊಂಡಿತು.

“ನೊಲೀನ್, ನೀವು ಮನೆಗೆ ಬಂದ್ರಿ.”

“ಹೌದಾ! ಕಾಲು ಇನ್ನೂ ಒದ್ದೆ ಆಗಿಲ್ವಲ್ಲೇ.”

ಸಂಜೆ ಅವರೇ ಮತ್ತೆ ಫೋನ್ ಮಾಡಿದರು. ಕಂಪ್ಯೂಟರ್ ಅವರ ಮೊಬೈಲಿಗೆ ಸಂದೇಶ ಕಳಿಸಿತ್ತು: ಸ್ವದೇಶಕ್ಕೆ ಸ್ವಾಗತ. ನಾಳೆ ಬೆಳಗ್ಗೆ ಹತ್ತು ಗಂಟೆಗೆ ಕಲೌಂಡ್ರಾ ಕಚೇರಿಯಲ್ಲಿ ಖುದ್ದು ಹಾಜರಾಗಿ. ತಪ್ಪಿದರೆ ಪಾವತಿ ನಿಲ್ಲುತ್ತದೆ.

“ಈಜ್ಕೊಂಡ್ ಬರ್ಲಾ?” ಎಂದರು. ನಗುತ್ತಿರಲಿಲ್ಲ.

“ನಿಮ್ಮ ಹತ್ರ ದೊಡ್ಡ ಟವೆಲ್ ಇದ್ಯಾ?”

“ಕೆಂಪು ಬಣ್ಣದ್ದು ಇದೆ. ಯಾಕೆ?”

ಮರುದಿನ ಬೆಳಗ್ಗೆ ಮಕ್ಕಳ ಡಬ್ಬಿ ಕಟ್ಟುವಾಗ ನಮ್ಮ ಮನೆಯ ದುರ್ಬೀನನ್ನೂ ಚೀಲಕ್ಕೆ ಹಾಕಿಕೊಂಡೆ. ಹತ್ತು ಗಂಟೆಗೆ ಅದನ್ನು ಹಿಡಿದು ಕಚೇರಿಯ ಕಿಟಕಿಯಲ್ಲಿ ನಿಂತೆ. ಹಡಗು ಅಲ್ಲೇ ಓಲಾಡುತ್ತಿತ್ತು. ಕಟಕಟೆಯ ಬಳಿ ಕೆಂಪಗೆ ಏನೋ ಹಾರಾಡುತ್ತಿತ್ತು.

“ಏನ್ ನೋಡ್ತಿದೀಯ?” ಎಂದ ರಸ್.

“ಹತ್ತು ಗಂಟೆ ಭೇಟಿ ನಡೀತಿದೆ,” ಎಂದೆ.

ಬಂದು ಕೂತು ದಾಖಲಿಸಿದೆ. ಸಮಯಕ್ಕೆ ಕಾಣಿಸಿಕೊಂಡರೇ? ಹೌದು. ಗುರುತಿನ ಪುರಾವೆ: ಕೆಂಪು ಟವೆಲ್. ಕಂಪ್ಯೂಟರ್ ಒಪ್ಪಿಕೊಂಡಿತು.