ಕೂತಾಗಿನ ಅಳತೆ

ಗುಡ್ಡದ ನೆತ್ತಿ ದಾಟಿ ಇಳಿಜಾರು ಶುರುವಾಗುತ್ತಿದ್ದಂತೆ ಹಿಂದಿನ ಸೀಟಿನಲ್ಲಿದ್ದ ಅತ್ತೆ ಮಾತು ನಿಲ್ಲಿಸಿಬಿಟ್ಟರು. ಸೊಸೆಯ ಎದೆ ಧಸಕ್ಕೆಂದಿತು.

ಮನೆ ಬಿಟ್ಟಾಗಿನಿಂದ ಆ ಬಾಯಿಗೆ ಬ್ರೇಕೇ ಇರಲಿಲ್ಲ. "ಎಡಕ್ಕೆ ಹೋಗೇ. ಅಷ್ಟು ಎಡಕ್ಕಲ್ಲ, ನನ್ನೇನು ಚರಂಡಿಗೆ ಇಳಿಸ್ತೀಯಾ?" "ಹಾರ್ನ್ ಹೊಡಿಯೇ. ಅದೇನು ಕೋಳಿಮರಿ ಹಾಗೆ ಪೀಕ್ ಅನ್ನತ್ತೆ, ಜೋರಾಗಿ ಹೊಡಿ." ಬೈಗುಳ ಕಿವಿಗೆ ಬೀಳುತ್ತಿರುವಷ್ಟು ಹೊತ್ತು ಸೊಸೆಗೆ ಧೈರ್ಯವಿತ್ತು. ಬೈಗುಳ ಬೀಳುತ್ತಿದೆ ಎಂದರೆ ಅತ್ತೆ ಬಿದ್ದಿಲ್ಲ ಎಂದೇ ಲೆಕ್ಕ. ಈಗ ಆ ಮೌನದೊಳಗಿಂದ ಬೇರೊಂದು ಸದ್ದು ಕೇಳಿಸಿತು.

ಕಿರ್ರ್... ಕಟ್.

ಇನ್ನೊಂದು ಉಬ್ಬು. ಮತ್ತೆ ಕಿರ್ರ್... ಕಟ್. ಯಾರೋ ಹಲ್ಲು ಮಸೆದು, ಆಮೇಲೆ ಅದೇ ಹಲ್ಲಲ್ಲಿ ದಾರ ಕಡಿದ ಹಾಗೆ.

ಅತ್ತೆ ಸೊಸೆ ಇಬ್ಬರದೂ ಒಂದೇ ಹೊಲಿಗೆ ಅಂಗಡಿ. ಎರಡು ಮಿಷನ್ನು, ಬಟ್ಟೆ ಕತ್ತರಿಸುವ ಒಂದು ಮೇಜು, ಗೋಡೆಗೆ ತೂಗುಹಾಕಿದ ತೋಳಿಲ್ಲದ ಅಂಗಿಗಳು. ಗುಡ್ಡದಾಚೆಯ ಕಾರ್ಖಾನೆಯ ಸಮವಸ್ತ್ರದ ಕೆಲಸ ಸಿಕ್ಕ ಮೇಲೆ, ಹೋಗಿಬರಲೆಂದು ಸೊಸೆ ಒಂದು ಹಳೆಯ ಮೋಟಾರ್ ಸೈಕಲ್ ಕೊಂಡಿದ್ದಳು. ಅವಳ ಗಂಡನೋ, ಸ್ಟ್ಯಾಂಡು ಹಾಕಿ ನಿಲ್ಲಿಸಿದ ಗಾಡಿಗೂ ದಾರಿ ಬಿಟ್ಟು ಸುತ್ತಿಬರುವ ಪುಕ್ಕಲ. "ಅಮ್ಮನ್ನ ಒಂದ್ಸಲ ಗುಡ್ಡ ಇಳಿಸಿ ತೋರಿಸು. ಅಮ್ಮ ಹೂಂ ಅಂದ್ರೆ ಗಾಡಿ ಇರಲಿ, ಇಲ್ಲಾಂದ್ರೆ ಮಾರಿಬಿಡೋಣ" ಎಂದಿದ್ದ. ಅವನು ಬಿಟ್ಟುಕೊಡುವವನಲ್ಲ. ಅವನಮ್ಮ ಒಪ್ಪುವವರಲ್ಲ. ಆದರೂ ಬೆಳಗ್ಗೆ ಸೊಸೆ ಕಾರ್ಖಾನೆಗೆ ಕೊಡಬೇಕಾದ ಸಮವಸ್ತ್ರದ ಮೂಟೆಯನ್ನು ಗಾಡಿಯ ಹಿಂದೆ ಕಟ್ಟುವಷ್ಟರಲ್ಲಿ ಅತ್ತೆ ಹೆಲ್ಮೆಟ್ಟು ತೊಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಯಾಕೆಂದು ಕೇಳುವ ಧೈರ್ಯ ಸೊಸೆಗೆ ಬಂದಿರಲಿಲ್ಲ.

ಗಾಡಿಯ ಅಳತೆಯ ವಿಚಾರವನ್ನೆಲ್ಲ ಹೇಳಿಕೊಟ್ಟವನು ಮೆಕ್ಯಾನಿಕ್ ಗ್ರೀಸಣ್ಣ. ಮೂಗಿನಿಂದ ಮಾತಾಡುವ ಮನುಷ್ಯ. ಅವನು 'ನೋಡಿಯಮ್ಮ' ಎಂದರೆ ಇಂಜಿನ್ನು ಕೆಮ್ಮಿ ಚಾಲೂ ಆದಂತಿರುತ್ತಿತ್ತು. "ನೋಂಡಿಯಮ್ಮ, ನೀವು ಗಾಡಿಗೆ ಹೊಂದಿಕೊಳ್ಳೋದಲ್ಲ, ಗಾಡಿ ನಿಮಗೆ ಹೊಂದಬೇಕು. ಕಾಲು ನೆಲಕ್ಕೆ ಸಿಗಬೇಕು. ಬೆರಳು ಚಾಚದೆ ಕ್ಲಚ್ಚು ಕೈಗೆ ಸಿಗಬೇಕು." ಅತ್ತೆಗೆ ಮಗನ ದೊಡ್ಡ ಹೆಲ್ಮೆಟ್ಟಿನೊಳಗೇ ಮೆತ್ತೆ ಹೊಲಿದು ಕೊಡುತ್ತೇನೆಂದು ಸೊಸೆ ಹೊರಟಾಗ ಅವನು ಕೈಮುಗಿದಿದ್ದ. "ಅದು ತಲೆಯಮ್ಮ, ದಿಂಬಲ್ಲ. ಅವರ ಅಳತೇದೇ ತಗೊಳ್ಳಿ. ಕೆನ್ನೆ ಎರಡೂ ಒತ್ತಬೇಕು, ಅಲ್ಲಾಡಿಸಿದ್ರೆ ತಲೆ ಜೊತೆ ಚರ್ಮಾನೂ ಬರಬೇಕು." ಕೊನೆಗೆ, "ಚೈನು ಆಗಾಗ ನೋಡ್ತಿರಿ, ಸಡಿಲ ಆಗತ್ತೆ" ಎಂದೂ ಹೇಳಿದ್ದ.

ಆ ಕೊನೆಯ ಮಾತನ್ನು ಸೊಸೆ ತಪ್ಪದೆ ಪಾಲಿಸಿದ್ದಳು.

ಸಡಿಲ ಎಂಬ ಮಾತು ಆ ಅಂಗಡಿಯಲ್ಲಿ ಬೈಗುಳಕ್ಕೆ ಸಮ. ಅವಳು ಹೊಲಿದ ಪ್ರತಿಯೊಂದು ಹೊಲಿಗೆಯನ್ನೂ ಅತ್ತೆ ಉಗುರಿನಿಂದ ಮೀಟಿ ನೋಡುತ್ತಿದ್ದರು. ಕೂದಲೆಳೆಯಷ್ಟು ಆಡಿದರೂ ಸಾಕು, ಇಡೀ ತೋಳನ್ನು ಬಿಚ್ಚಿ ಮಡಿಲಿಗೆ ಎಸೆಯುತ್ತಿದ್ದರು. ಹಾಗಾಗಿ ನಿನ್ನೆ ಸಂಜೆ ಗಾಡಿಯನ್ನು ಸ್ಟ್ಯಾಂಡಿಗೆ ಏರಿಸಿ, ಚೈನು ಬೆರಳಿಗೆ ಮೇಲೆ ಕೆಳಗೆ ಆಡಿದ್ದು ಕಂಡಾಗ ಅವಳಿಗೆ ನಾಚಿಕೆಯೇ ಆಯಿತು. ಸ್ಪ್ಯಾನರು ಹಿಡಿದು ಚೈನು ತಂತಿಯಂತೆ ಟಿಣ್ ಎನ್ನುವವರೆಗೂ ಬಿಗಿದಳು. ಚೈನು ಬಿಗಿಯಾಯಿತು, ಇನ್ನು ಚೈನಿಯೇ ಎಂದು ಹೋಗಿ ಮಲಗಿದಳು.

ಕಿರ್ರ್... ಕಟ್.

ಎಡಕ್ಕೆ ಕಂದಕ, ಹಿಂದೆ ಲಾರಿ, ನಡುವೆ ಅತ್ತೆ. ಲಾರಿಯವನು ಪೊಂಯ್ ಎಂದು ಹಾರ್ನ್ ಒತ್ತಿದಾಗ ಆ ಸದ್ದು ಅವಳ ಬೆನ್ನುಹುರಿಯೊಳಗೇ ಇಳಿದು ಹೋಯಿತು. ಗ್ರೀಸಣ್ಣ ಯಾವಾಗಲೋ ಹೇಳಿದ ಕತೆ ಈಗಲೇ ನೆನಪಾಗಬೇಕೆ? ಯಾರದೋ ಗಾಡಿಯ ಚೈನು ಓಡುವಾಗಲೇ ಹರಿದು, ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಚಕ್ರ ಇದ್ದಲ್ಲೇ ಕಚ್ಚಿ ನಿಂತಿತ್ತಂತೆ. "ಆಮೇಲೆ?" ಎಂದು ಅವಳು ಕೇಳಿದ್ದಳು. ಅವನು ಕೈ ಒರೆಸಿಕೊಂಡಿದ್ದ.

"ಅತ್ತೆ?"

ಅವಳ ಹೊಟ್ಟೆಯನ್ನು ಬಳಸಿದ್ದ ಕೈಗಳು ಮಾತ್ರ ಇನ್ನಷ್ಟು ಬಿಗಿದವು.

"ಅತ್ತೆ, ಏನಾದ್ರೂ ಬೈಯಿರಿ!"

"ರಸ್ತೆ ನೋಡೇ" ಎಂದರು ಅತ್ತೆ, ಹೊಲಿಗೆ ಬಿಟ್ಟ ದನಿಯಲ್ಲಿ.

ನಿಲ್ಲಿಸೋಣವೆಂದರೆ ರಸ್ತೆಯಂಚು ಕಂದಕದ ಕಡೆಗೆ ವಾಲಿತ್ತು. ಅಲ್ಲಿ ಎಡಗಾಲು ಇಳಿಸಿದರೆ ನೆಲ ಗೇಣಿನಷ್ಟು ಕೆಳಗಿರುತ್ತದೆ. ಕಾಲು ನೆಲ ಹುಡುಕುವಷ್ಟರಲ್ಲಿ ಗಾಡಿ ಮಗುಚಿರುತ್ತದೆ. ಮುಂದಿನ ತಿರುವು. ಕಿರ್ರ್. ಅದರ ಮುಂದಿನ ತಿರುವು. ಕಟ್. ಪ್ರತಿ ಸದ್ದಿಗೂ ಅವಳ ಬೆನ್ನು ತಾನಾಗಿಯೇ ಗೂನಾಗುತ್ತಿತ್ತು, ಹರಿದ ಚೈನು ಚಾಟಿಯಂತೆ ಬಂದು ಅಪ್ಪಳಿಸುವುದನ್ನು ಕಾಯುತ್ತಿರುವಂತೆ. ಬೀಳುವುದಾದರೆ ಬಲಕ್ಕೆ ಬೀಳಬೇಕು, ಬಲಕ್ಕೆ, ಬಲಕ್ಕೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಬಲಕ್ಕೆ ಬಿದ್ದರೆ ಲಾರಿ ಎಂದು ಹೊಳೆದಾಗ ಅದನ್ನೂ ಬಿಟ್ಟಳು.

ಲಾರಿಗಳು ನಿಂತು ಬ್ರೇಕು ತಣಿಸಿಕೊಳ್ಳುವ ಅಗಲದ ಜಾಗವೊಂದು ಕಡೆಗೂ ಬಂತು. ಗಾಡಿ ನಿಂತಿತು. ಹಿಂದಿನ ಲಾರಿ ಬೈದುಕೊಂಡು ಮುಂದೆ ಹೋಯಿತು. ಸೊಸೆ ಕಾಲೆರಡನ್ನೂ ನೆಲಕ್ಕೂರಿದಳು.

"ಇಳೀರಿ ಅತ್ತೆ."

ಅತ್ತೆ ಇಳಿದರು. ಸೊಸೆ ಮಂಡಿಯೂರಿ ಚೈನು ಮುಟ್ಟಿ ನೋಡಿದಳು. ಬಿಗಿಯಾಗಿತ್ತು, ಆದರೆ ಹರಿಯುವಂತೇನೂ ಕಾಣಲಿಲ್ಲ. ಹಾಗಾದರೆ ಆ ಸದ್ದು ಎಲ್ಲಿಂದ? ಕಾಣದ ಕಾಯಿಲೆ ಕಂಡ ಕಾಯಿಲೆಗಿಂತ ಹೆಚ್ಚು ಹೆದರಿಸುತ್ತದೆ.

"ಏನಂತೆ?" ಎಂದರು ಅತ್ತೆ.

"ಗೊತ್ತಾಗ್ತಿಲ್ಲ. ಬರೀ ಗಾಡಿ ಇದ್ದಾಗ ಸರಿಯಾಗೇ ಇದೆ. ಬೆಳಗ್ಗೆ ನಾನೊಬ್ಬಳೇ ಒಂದು ಸುತ್ತು ಹೊಡೆದಾಗ ಕೊಂಯ್ ಅಂತ ಸ್ವಲ್ಪ ಅಂತು. ನೀವು ಕೂತ್ರೆ..."

"ನಾನು ದಪ್ಪ ಅಂತ ಹೇಳ್ತಿದೀಯಾ?"

"ಅಯ್ಯೋ, ಹಾಗಲ್ಲ ಅತ್ತೆ."

"ಹಾಗೇನೇ. ಹೇಳು ಪರ್ವಾಗಿಲ್ಲ, ಈಗ ನನಗೆ ಸಿಟ್ಟು ಮಾಡ್ಕೊಳ್ಳೋಕೂ ಜೀವ ಇಲ್ಲ." ಅವರು ಹೆಲ್ಮೆಟ್ಟು ತೆಗೆದು ಗಾಡಿಯನ್ನು ಒಮ್ಮೆ ನೋಡಿದರು, ಅಂಗಡಿಗೆ ಬಂದ ಗಿರಾಕಿಯ ಸೊಂಟ ನೋಡುವ ಹಾಗೆ. "ನಾನು ಹತ್ತಿದಾಗ ಇದು ಕೆಳಗೆ ಕುಸೀತು ಅಲ್ವಾ?"

"ಹೂಂ. ನನ್ನ ಕಾಲು ನೆಲಕ್ಕೆ ಚೆನ್ನಾಗಿ ಸಿಕ್ತು ಅಂತ ಖುಷಿಯಾಗಿತ್ತು."

"ಪ್ಯಾಂಟಿಗೆ ಅಳತೆ ತಗೊಳ್ಳೋವಾಗ ನಾನು ನಿನಗೆ ಮೊದಲ ದಿನ ಏನು ಹೇಳಿಕೊಟ್ಟಿದ್ದೆ?"

ಸೊಸೆಗೆ ನೆನಪಾಯಿತು. ನಿಂತಾಗ ಒಂದು ಅಳತೆ, ಸ್ಟೂಲಿನ ಮೇಲೆ ಕೂರಿಸಿ ಇನ್ನೊಂದು. ನಿಂತಾಗ ಮೈಗೆ ಹಿಡಿದಂತಿರುವ ಪ್ಯಾಂಟು, ಗಿರಾಕಿ ಊಟಕ್ಕೆ ಕೂತಾಗ ನಾಲ್ಕು ಜನರ ಮುಂದೆ ಪರ್ರ್ ಎನ್ನುತ್ತದೆ.

"ಕೂರಿಸಿ ನೋಡಿದ್ಯಾ ಇದನ್ನ?"

"ಇಲ್ಲ ಅತ್ತೆ. ಸ್ಟ್ಯಾಂಡ್ ಹಾಕಿ ಬಿಗಿದೆ. ಆಡೋಕೆ ಜಾಗಾನೇ ಬಿಡಲಿಲ್ಲ."

ಪಕ್ಕದ ಸ್ಟ್ಯಾಂಡಿಗೆ ಒರಗಿದ್ದ ಗಾಡಿಯ ಸೀಟನ್ನು ಅತ್ತೆ ಮತ್ತೆ ಹತ್ತಿ ಕೂತರು. ಸಮವಸ್ತ್ರದ ಮೂಟೆಯೂ ಹಿಂದೆ ಹಾಗೇ ಇತ್ತು. ಸೊಸೆ ತನ್ನ ಭಾರವೂ ಬೀಳಲಿ ಎಂದು ಎದೆಯನ್ನು ಮುಂದಿನ ಸೀಟಿಗೆ ಒತ್ತಿ, ತಲೆಕೆಳಗಾಗಿ ನೇತಾಡುತ್ತ ಚೈನು ಮುಟ್ಟಿದಳು. ಮುಟ್ಟಿದ ಕೈ ಸುಟ್ಟಂತೆ ಹಿಂದಕ್ಕೆ ಬಂತು. ಅದು ಚೈನಾಗಿರಲಿಲ್ಲ, ಕಬ್ಬಿಣದ ಸರಳಾಗಿತ್ತು. ಗಾಡಿ ಕುಸಿದಷ್ಟೂ ಹಿಂದಿನ ಚಕ್ರ ಚೈನನ್ನು ಜಗ್ಗಿ ಹಿಡಿದಿತ್ತು. ಒಂದು ದೊಡ್ಡ ಗುಂಡಿ ಸಿಕ್ಕಿದ್ದರೆ ಸಾಕಿತ್ತು. ಇಷ್ಟು ದೂರ ಅವಳು ಅತ್ತೆಯನ್ನು ಎಂಥದರ ಮೇಲೆ ಕೂರಿಸಿಕೊಂಡು ಬಂದಿದ್ದಳು ಎಂಬುದು ಆಗ ಅವಳಿಗೆ ಪೂರ್ತಿ ಅರ್ಥವಾಯಿತು. ರಸ್ತೆಬದಿಗೆ ಓಡಿ ವಾಂತಿ ಮಾಡಿಕೊಂಡಳು.

ಅತ್ತೆ ಹಿಂದಿನಿಂದ ಬಂದು ಅವಳ ಹಣೆ ಹಿಡಿದುಕೊಂಡರು. "ಆಯ್ತು, ಆಯ್ತು. ಈಗ ಸಡಿಲ ಮಾಡು." ಆ ಬಾಯಿಂದ ಆ ಮಾತನ್ನು ಸೊಸೆ ಕೇಳಿದ್ದು ಅದೇ ಮೊದಲು.

ಸೀಟಿನಡಿಯ ಸ್ಪ್ಯಾನರು ಸಿಕ್ಕಿತು. ಆದರೆ ಹಿಂದಿನ ಚಕ್ರದ ನಟ್ಟು ಅಲುಗಲಿಲ್ಲ. ನಿನ್ನೆ ಬಿಗಿದದ್ದು ಅವಳೇ ತಾನೆ. ಅತ್ತೆ ಒಂದು ಕೈಯಲ್ಲಿ ಸೀಟು ಹಿಡಿದು, ಸ್ಪ್ಯಾನರಿನ ಹಿಡಿಯ ಮೇಲೆ ಕಾಲಿಟ್ಟು ನಿಂತೇಬಿಟ್ಟರು. "ದಪ್ಪ ಇದ್ದಿದ್ದಕ್ಕೂ ಒಂದು ಉಪಯೋಗ" ಎಂದರು. ನಟ್ಟು ಕಿರುಚಿ ಸಡಿಲಾಯಿತು. ಸೊಸೆ ಎರಡೂ ಬದಿಯ ಗುರುತು ಸಮವಾಗಿರುವಂತೆ ತಿರುಗಿಸುತ್ತ ಚಕ್ರವನ್ನು ಮುಂದಕ್ಕೆ ತಳ್ಳಿದಳು. ಅತ್ತೆಯನ್ನು ಕೂರಿಸಿದಳು, ಮುಟ್ಟಿದಳು, ಇಳಿಸಿದಳು, ಮತ್ತೆ ತಿರುಗಿಸಿದಳು. ಸಾವಿರ ಗಿರಾಕಿಗಳನ್ನು ಸ್ಟೂಲಿನ ಮೇಲೆ ಕೂರಿಸಿ ಏಳಿಸಿದ್ದ ಅತ್ತೆ, ಈಗ ತಾವೇ ಕೂತರು, ಎದ್ದರು. ಕೊನೆಗೆ ಅತ್ತೆಯೂ ಮೂಟೆಯೂ ತನ್ನ ಎದೆಯ ಭಾರವೂ ಇದ್ದಾಗಲೂ ಚೈನು ಅವಳ ಬೆರಳಿಗೆ ಮೇಲೆ ಕೆಳಗೆ ಆಡಿತು. ನಟ್ಟು ಬಿಗಿದಳು. ಇನ್ನೊಮ್ಮೆ ಬಿಗಿದಳು.

ಇನ್ನೂ ಅರ್ಧ ಗುಡ್ಡ ಬಾಕಿಯಿತ್ತು.

"ನೀವು ಬಸ್ಸಿಗೆ ಕಾಯ್ತೀರಾ ಅತ್ತೆ?" ಎಂದಳು ಸೊಸೆ. ಹೂಂ ಎನ್ನಲಿ ಎಂದು ಅವಳ ಮೈಯೆಲ್ಲ ಬೇಡುತ್ತಿತ್ತು.

ಅತ್ತೆ ಕಂದಕದ ಕಡೆ ನೋಡಿದರು, ರಸ್ತೆ ನೋಡಿದರು. ಹೆಲ್ಮೆಟ್ಟು ತೊಟ್ಟು, ಕೆನ್ನೆ ಎರಡೂ ಉಬ್ಬಿ, ಹಿಂದೆ ಬಂದು ಕೂತರು.

ಮೊದಲ ಉಬ್ಬು ಬಂದಾಗ ಇಬ್ಬರೂ ಉಸಿರು ಹಿಡಿದರು. ಸದ್ದಿಲ್ಲ. ಎರಡನೆಯ ಉಬ್ಬಿಗೂ ಇಲ್ಲ. ಆದರೆ ಸದ್ದು ಇಲ್ಲದಿರುವುದೂ ಸೊಸೆಯನ್ನು ಹೆದರಿಸಿತು. ಬುಡದವರೆಗೂ ಆ ಕಟ್ ಎಂಬುದನ್ನು ಕಿವಿ ಹುಡುಕುತ್ತಲೇ ಇತ್ತು.

ಕಾರ್ಖಾನೆಯ ಗೇಟಿನ ಮುಂದೆ ಇಳಿಯಬೇಕೆಂದರೆ ಅತ್ತೆಯ ಬೆರಳುಗಳು ಬಿಚ್ಚಿಕೊಳ್ಳಲಿಲ್ಲ. ಸೊಸೆ ಒಂದೊಂದಾಗಿ ಬಿಡಿಸಬೇಕಾಯಿತು. ಅವಳ ಕೋಟಿನ ಎರಡು ಗುಂಡಿ ಅತ್ತೆಯ ಅಂಗೈಯಲ್ಲಿದ್ದವು.

"ಸಡಿಲ ಹೊಲಿದಿದೀಯ" ಎಂದರು ಅತ್ತೆ. ಆಮೇಲೆ, "ವಾಪಸ್ಸು ನಾನು ಬಸ್ಸಲ್ಲಿ ಬರ್ತೀನಿ" ಎಂದರು.

ಸೊಸೆ ತಲೆ ತಗ್ಗಿಸಿದಳು. "ಹಾಗಾದ್ರೆ ಗಾಡಿ..."

"ಗಾಡಿ ಇರಲಿ ಅಂತ ನಿನ್ನ ಗಂಡನಿಗೆ ನಾನೇ ಹೇಳ್ತೀನಿ. ನಾನು ಹೆದರಿದ್ದು ಮಾತ್ರ ನೀನು ಹೇಳಕೂಡದು. ಮಧ್ಯ ದಾರೀಲಿ ಬಸ್ಸಲ್ಲಿ ಹೋಗಿ ಅಂದ್ಯಲ್ಲ, ಅದಕ್ಕೇ ಹತ್ತಿದೆ. ಹೆದರಿಕೆ ಇರೋಳೇ ಓಡಿಸಲಿ."

ಸಂಜೆ ಗುಡ್ಡ ಹತ್ತುವಾಗ ಸೊಸೆ ಒಬ್ಬಳೇ ಇದ್ದಳು. ಹಿಂದಿನಿಂದ ಬಸ್ಸು ಬಂತು. ಅವಳ ಬೆನ್ನು ಮತ್ತೆ ಗೂನಾಯಿತು. ಎಡಕ್ಕೆ ಸರಿದು ದಾರಿ ಬಿಟ್ಟಳು. ಬಸ್ಸು ಪಕ್ಕಕ್ಕೆ ಬಂದಾಗ ಕಿಟಕಿಯಿಂದ ಒಂದು ಕೈ ಹೊರಬಂತು. ಎರಡು ಬೆರಳು, ಏನನ್ನೋ ಮೀಟುವಂತೆ, ಮೇಲೆ ಕೆಳಗೆ, ಮೇಲೆ ಕೆಳಗೆ. ಆಡ್ತಿದೆಯಾ?

ರಸ್ತೆಯಿಂದ ಕಣ್ಣು ತೆಗೆಯದೆ ಸೊಸೆ ಹೆಲ್ಮೆಟ್ಟಿನ ತಲೆಯಾಡಿಸಿದಳು. ಆಡ್ತಿದೆ.