ನಲವತ್ತೊಂದನೇ ನಂಬರಿನ ತಟ್ಟೆ

ಹದ್ದಿನ ಕಣ್ಣಿನವಳೆಂದು ಲ್ಯಾಬಿನವರೆಲ್ಲ ಅವಳನ್ನು ಹದ್ದಕ್ಕ ಎನ್ನುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ. ಅವಳಿಗೂ ಅದು ಒಳಗೊಳಗೇ ಇಷ್ಟವಾಗಿತ್ತು. ಇಪ್ಪತ್ತೆರಡು ವರ್ಷಗಳಿಂದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು, ರೋಗಿಗಳ ರಕ್ತದಲ್ಲಿ ಏನು ಬೆಳೆದಿದೆ ಎಂದು ನೋಡಿ ಹೇಳುವುದು ಅವಳ ಕೆಲಸ. ರಕ್ತವನ್ನು ಎರಡು ಬಾಟಲಿಗಳಲ್ಲಿ ಹಾಕಿ ಬೆಚ್ಚಗಿಡುತ್ತಾರೆ. ಬಾಟಲಿಯಲ್ಲಿ ಏನಾದರೂ ಬೆಳೆದರೆ ಒಂದು ಹನಿಯನ್ನು ಕೆಂಪು ತಟ್ಟೆಯ ಮೇಲೆ ಸವರುತ್ತಾರೆ. ಮರುದಿನ ತಟ್ಟೆಯ ಮೇಲೆ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಮೂಡುತ್ತವೆ. ಮೆಷಿನ್ನು ಹೇಳುವ ಮೊದಲೇ ಹದ್ದಕ್ಕ ಹೇಳುತ್ತಿದ್ದಳು. ಹೆಚ್ಚಿನ ಸಲ ಮೆಷಿನ್ನು ಅವಳ ಮಾತನ್ನೇ ಒಪ್ಪುತ್ತಿತ್ತು.

ಎಲ್ಲ ಚುಕ್ಕೆಯೂ ಕೇಡಲ್ಲ. ನಮ್ಮೆಲ್ಲರ ಚರ್ಮದ ಮೇಲೆ ಕೂತು ತಮ್ಮ ಪಾಡಿಗೆ ಬದುಕುವ ಕ್ರಿಮಿಗಳಿವೆ, ಸೂಜಿ ಚುಚ್ಚುವಾಗ ಅವೂ ಬಾಟಲಿಗೆ ಇಳಿದುಬಿಡುತ್ತವೆ. ಎರಡು ಬಾಟಲಿಗಳಲ್ಲಿ ಒಂದರಲ್ಲಿ ಮಾತ್ರ ಅಂಥದ್ದು ಬಂದರೆ 'ಚರ್ಮದ್ದು, ಎಸೆಯಿರಿ' ಎಂದು ಬರೆಯುವುದು ನಿಯಮ. ಆದರೆ ಅದೇ ವಂಶದ ದಾಯಾದಿಯೊಂದಿದೆ. ನೋಡಲು ಥೇಟ್ ಚರ್ಮದ್ದೇ. ರಕ್ತಕ್ಕೆ ಇಳಿಯಿತೋ, ಸೀದಾ ಹೃದಯದ ಕವಾಟಕ್ಕೆ ಬಾಯಿ ಹಾಕುತ್ತದೆ. ಹೆಚ್ಚಿನ ಸಲ ಎರಡನೇ ದಿನವೇ ಅದರ ಬಣ್ಣ ಬಯಲಾಗುತ್ತದೆ, ಚುಕ್ಕೆಯ ಸುತ್ತ ಕೆಂಪು ಕರಗಿ ಒಂದು ಬಳೆ ಕಾಣುತ್ತದೆ. ಅದಕ್ಕೇ ಹದ್ದಕ್ಕ ಅನುಮಾನದ ತಟ್ಟೆಗಳಿಗೆಂದು ಒಂದು ಸಣ್ಣ ಕಪಾಟು ಇಟ್ಟುಕೊಂಡಿದ್ದಳು. ಇದು ನಿಯಮದಲ್ಲಿ ಇರಲಿಲ್ಲ, ಅವಳ ಸ್ವಂತ ರೂಢಿ. ಕೈಕೆಳಗಿನ ಹುಡುಗಿಯರು ಅದನ್ನು 'ಹದ್ದಿನ ಗೂಡು' ಎಂದು ನಗುತ್ತಿದ್ದರು. ಗೂಡಿನಲ್ಲಿ ಒಂದು ದಿನ ಕಾಯದೆ ಅನುಮಾನದ ಯಾವ ತಟ್ಟೆಯೂ ಕಸದ ಚೀಲಕ್ಕೆ ಬೀಳುತ್ತಿರಲಿಲ್ಲ.

ಆ ವರ್ಷ ಲ್ಯಾಬಿನಲ್ಲಿ ಒಂದು ಸಂಶೋಧನೆ ನಡೆಯುತ್ತಿತ್ತು. ಬೇರೆಯವರ ಅಂಗ ಹಾಕಿಸಿಕೊಂಡವರಿಗೆ ಯಾವ ಸೋಂಕು ಹೇಗೆ ತಗಲುತ್ತದೆ ಎಂಬ ಅಧ್ಯಯನ. ಓದುವವರ ಮನಸ್ಸು ಯಾರ ಕಡೆಗೂ ವಾಲಬಾರದೆಂದು ಬಾಟಲಿಗಳ ಮೇಲೆ ಹೆಸರಿನ ಬದಲು ಬರೀ ನಂಬರು. ಅಧ್ಯಯನಕ್ಕೆ ಸೇರಿದ್ದ ಅರವತ್ತು ಜನರಲ್ಲಿ ಒಬ್ಬ ಅವಳ ತಮ್ಮ. ಅವನೊಳಗೆ ಕೂತಿದ್ದ ಮೂತ್ರಪಿಂಡ ಅವಳದೇ.

"ನಿಮ್ಮ ತಮ್ಮನೂ ಇದ್ದಾನಲ್ಲಮ್ಮ, ಈ ಓದೋ ಕೆಲಸ ಬೇರೆಯವರಿಗೆ ಕೊಡಲಾ?" ಎಂದು ಲ್ಯಾಬಿನ ಮುಖ್ಯಸ್ಥೆ ದೊಡ್ಡ ಡಾಕ್ಟರು ಮೊದಲೇ ಕೇಳಿದ್ದರು.

"ಯಾಕೆ ಡಾಕ್ಟ್ರೇ? ನನಗೆ ನಂಬರ್ ಅಂದ್ರೆ ನಂಬರೇ," ಎಂದಿದ್ದಳು. ಅವಳಿಗಿಂತ ಚೆನ್ನಾಗಿ ಓದುವವರು ಆ ಕಟ್ಟಡದಲ್ಲಿ ಇರಲಿಲ್ಲ. ಅದು ನಿಜವೂ ಆಗಿತ್ತು, ಜಂಬವೂ ಆಗಿತ್ತು.

ಆ ಸೋಮವಾರ ನಲವತ್ತೊಂದನೇ ನಂಬರಿನ ತಟ್ಟೆ ಅವಳ ಕೈಗೆ ಬಂದಾಗ ನಾಲ್ಕಕ್ಕೆ ಐದೇ ನಿಮಿಷ ಬಾಕಿ. ಎರಡರಲ್ಲಿ ಒಂದೇ ಬಾಟಲಿ. ಬಿಳಿಯ ಸಣ್ಣ ಚುಕ್ಕೆಗಳು. ದೀಪದ ಕೆಳಗೆ ಓರೆಯಾಗಿ ಹಿಡಿದಾಗ ಒಂದೆರಡು ಚುಕ್ಕೆಗಳ ಸುತ್ತ ಏನೋ ಮಸುಕು ಕಂಡಂತಾಯಿತು. ಬೇರೆ ದಿನವಾಗಿದ್ದರೆ ಎದ್ದು ಹೋಗಿ ಗೂಡಿನಲ್ಲಿ ಇಡುತ್ತಿದ್ದಳು. ಆದರೆ ಗೂಡಿಗೆ ಇಟ್ಟರೆ ಚೀಟಿ ಬರೆಯಬೇಕು, ಪುಸ್ತಕದಲ್ಲಿ ಏರಿಸಬೇಕು, ಹತ್ತು ನಿಮಿಷದ ಬಾಬತ್ತು. ನಾಲ್ಕಕ್ಕೆ ತಮ್ಮ ಮಲಗಿದ್ದ ವಾರ್ಡಿನ ಬಾಗಿಲು ನೋಡಬಂದವರಿಗೆ ತೆರೆಯುತ್ತದೆ. ಕೋಟಿನ ಜೇಬಿನಲ್ಲಿ ತಮ್ಮನ ಕನ್ನಡಕವಿತ್ತು; ಕಡ್ಡಿ ಮುರಿದಿದ್ದನ್ನು ಬೆಳಗ್ಗೆಯಷ್ಟೇ ಸರಿಮಾಡಿಸಿ ತಂದಿದ್ದಳು. ಮೂರು ದಿನದಿಂದ ಓದಲಾಗದೆ ಅವನು ಸೀಲಿಂಗ್ ಫ್ಯಾನು ಎಣಿಸುತ್ತಾ ಮಲಗಿದ್ದ.

'ಚರ್ಮದ್ದು, ಎಸೆಯಿರಿ' ಎಂದು ಬರೆದು ಸಹಿ ಹಾಕಿ, ಎರಡೆರಡು ಮೆಟ್ಟಿಲು ಹತ್ತಿದಳು.

"ಅಬ್ಬಾ, ಈಗ ನಿನ್ನ ಮುಖ ಕಾಣಿಸ್ತು ನೋಡು. ಕಾಣದಿದ್ದಾಗ್ಲೇ ಚೆನ್ನಾಗಿತ್ತು," ಎಂದ ತಮ್ಮ, ಕನ್ನಡಕ ಏರಿಸಿಕೊಂಡು.

"ಬಾಯಿಗೇನೂ ಕಮ್ಮಿ ಇಲ್ಲ. ಮೈ ಯಾಕೆ ಬಿಸಿ ಇದೆ?"

"ಶನಿವಾರದಿಂದ ಸ್ವಲ್ಪ ಜ್ವರ. ರಕ್ತ ತಗೊಂಡು ಹೋಗಿದ್ದಾರೆ, ನಿಮ್ಮಲ್ಲಿಗೇ ಬಂದಿರುತ್ತೆ. ಏನೂ ಇರಲ್ಲ ಬಿಡು."

ಶನಿವಾರ ತೆಗೆದ ರಕ್ತದ ತಟ್ಟೆಯನ್ನು ಸೋಮವಾರ ಓದುತ್ತಾರೆ. ಆಗಲೇ ಹೊಳೆಯಬೇಕಿತ್ತು, ಹೊಳೆಯಲಿಲ್ಲ. ಆ ದಿನ ಅವಳು ಹದಿನೇಳು ತಟ್ಟೆ ಓದಿದ್ದಳು, ಹದಿನೇಳೂ ನಂಬರುಗಳೇ. ಅವನ ದಿಂಬು ಸರಿಮಾಡಿ, ಒಂದು ಗಂಟೆ ಹರಟೆ ಹೊಡೆದು, ನಿಶ್ಚಿಂತೆಯಿಂದ ಮನೆಗೆ ಹೋದಳು.

ಮೇಲಿನ ವಾರ್ಡಿನವರು ಲ್ಯಾಬಿನ ಮಾತನ್ನು ನಂಬಿದರು. ಯಾಕೆ ನಂಬಬಾರದು? ಸೋಂಕಿಲ್ಲ, ಆದರೂ ಜ್ವರವಿದೆ ಎಂದರೆ ದೇಹ ಹೊಸ ಮೂತ್ರಪಿಂಡದ ಮೇಲೆ ತಿರುಗಿಬಿದ್ದಿರಬೇಕು ಎಂದುಕೊಂಡರು. ಒಡಹುಟ್ಟಿದ ಅಕ್ಕನದೇ ಆದರೂ ದೇಹಕ್ಕೆ ಅದು ಹೊರಗಿನದೇ, ಸದಾ ಜಗಳಕ್ಕೆ ನಿಂತಿರುತ್ತದೆ. ಜಗಳ ನಿಲ್ಲಿಸಲು ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಮದ್ದನ್ನು ದುಪ್ಪಟ್ಟು ಮಾಡಿದರು. ಕಳ್ಳ ಒಳಗಿರುವಾಗಲೇ ಕಾವಲುಗಾರನ ಕೈ ಕಟ್ಟಿದಂತಾಯಿತು.

ಶುಕ್ರವಾರ ಬೆಳಗ್ಗೆ ನಲವತ್ತೊಂದನೇ ನಂಬರಿನ ಎರಡನೇ ರಕ್ತದ ತಟ್ಟೆಗಳು ಬಂದವು. ಈ ಸಲ ಎರಡೂ ಬಾಟಲಿಗಳಲ್ಲಿ ಬೆಳೆದಿತ್ತು. ಚುಕ್ಕೆಗಳ ಸುತ್ತ ಬಳೆ ಎಷ್ಟು ಸ್ಪಷ್ಟವಿತ್ತೆಂದರೆ ಹೊಸದಾಗಿ ಸೇರಿದ ಹುಡುಗಿಯೂ ಗುರುತಿಸುತ್ತಿದ್ದಳು. ಹದ್ದಕ್ಕ ಪುಸ್ತಕ ತಿರುವಿದಳು. ಸೋಮವಾರ, ನಲವತ್ತೊಂದು, ಚರ್ಮದ್ದು, ಎಸೆಯಿರಿ. ತನ್ನದೇ ಅಕ್ಷರ. 'ಯಾರ ಮನೆ ಹಾಳುಮಾಡಿದೆನೋ' ಎಂದುಕೊಳ್ಳುತ್ತಲೇ ವಾರ್ಡಿಗೆ ಫೋನು ಮಾಡಿದಳು.

"ಸಿಸ್ಟರ್, ನಲವತ್ತೊಂದು ಯಾರೇ ಆಗಿರಲಿ, ಈಗಲೇ ಹೃದಯದ ಸ್ಕ್ಯಾನ್ ಮಾಡಿಸಿ. ಕುತ್ತಿಗೆಯ ರಕ್ತನಾಳದಲ್ಲಿ ನಳಿಕೆ ಇದ್ರೆ ತೆಗೆಸಿ. ಔಷಧಿ ಹೆಸರು ಹೇಳ್ತೀನಿ, ಬರ್ಕೊಳ್ಳಿ."

ಆ ಕಡೆ ನರ್ಸು ಮೆಲ್ಲಗೆ, "ಅಕ್ಕಾ, ಇದನ್ನ ನಿಮಗೆ ಹೇಳೋ ಹಾಗಿಲ್ಲ. ಆದ್ರೂ ಹೇಳ್ತೀನಿ. ನೀವು ಮೇಲೆ ಬನ್ನಿ," ಎಂದಳು.

ನಲವತ್ತೊಂದು ತನ್ನ ತಮ್ಮನೇ ಎಂದು ಹದ್ದಕ್ಕನಿಗೆ ಹೊಳೆಯಿತು. ಆದರೂ ಔಷಧಿಯ ಹೆಸರನ್ನು ಬಿಡಿಬಿಡಿಯಾಗಿ ಹೇಳಿ, ಬರೆದುಕೊಂಡರೆಂದು ಖಾತ್ರಿ ಮಾಡಿಕೊಂಡೇ ಫೋನಿಟ್ಟಳು.

ಕವಾಟ ಆಗಲೇ ಹರಿದಿತ್ತು. ಮರುದಿನ ಬೆಳಗ್ಗೆ ಆಪರೇಷನ್ ಎಂದರು. ಹೊರಡುವ ಮೊದಲು ತಮ್ಮ ದಿಂಬಿಗೆ ಒರಗಿ, ಒಂದೊಂದು ಮಾತಿಗೂ ನಿಂತು ನಿಂತು ಉಸಿರಾಡುತ್ತಿದ್ದ.

"ನೋಡಕ್ಕ, ನೀನು ಕೊಟ್ಟಿದ್ದು ಗಟ್ಟಿಯಾಗೇ ಇದೆಯಂತೆ. ನನ್ನ ಸ್ವಂತದ್ದೇ ಕೈ ಕೊಡ್ತು."

ಮುಚ್ಚಿಟ್ಟುಕೊಳ್ಳಬಹುದಿತ್ತು. ಆ ಆಸ್ಪತ್ರೆಯಲ್ಲಿ ಯಾರೂ ಅವನಿಗೆ ಹೇಳುತ್ತಿರಲಿಲ್ಲ. ಅವಳಿಗೆ ಆಗಲಿಲ್ಲ.

"ಸೋಮವಾರಾನೇ ನಿನ್ನ ತಟ್ಟೇಲಿ ಅದು ಬಂದಿತ್ತು ಕಣೋ. ನಾನೇ ಓದಿದ್ದು. ಅನುಮಾನ ಬಂತು. ಇಟ್ಟುಕೊಂಡು ಕಾಯಬೇಕಿತ್ತು. ಎಸೆದುಬಿಟ್ಟೆ."

ಅವನು ಮೂಗಿನ ಮೇಲೆ ಕನ್ನಡಕ ಸರಿಮಾಡಿಕೊಂಡ. "ಕನ್ನಡಕ ತಂದಿದ್ದೆಯಲ್ಲ, ಅವತ್ತಾ?"

"ಹೂಂ."

ಸ್ಟ್ರೆಚರ್ ತಳ್ಳುವವರು ಬಾಗಿಲಿಗೆ ಬಂದಿದ್ದರು. ಅವನು ಕನ್ನಡಕ ತೆಗೆದು, ಕಡ್ಡಿ ಮಡಿಸಿ, ಅವಳ ಕೈಯಲ್ಲಿಟ್ಟ. "ಒಳಗೆ ಬಿಡಲ್ವಂತೆ. ಜೋಪಾನ, ಮತ್ತೆ ಮುರೀಬೇಡ," ಎಂದ. ಬೈದನೋ ಕ್ಷಮಿಸಿದನೋ ಅವಳಿಗೆ ತಿಳಿಯಲಿಲ್ಲ. ಕೇಳುವ ಅವಕಾಶವೂ ಮತ್ತೆ ಸಿಗಲಿಲ್ಲ. ಭಾನುವಾರ ಮಧ್ಯಾಹ್ನ ಅವನು ತೀರಿಕೊಂಡ. ಮೂತ್ರಪಿಂಡ ಕೊನೆಯ ಗಂಟೆಯವರೆಗೂ ಕೆಲಸ ಮಾಡುತ್ತಲೇ ಇತ್ತು.

ಹತ್ತು ದಿನದ ಮೇಲೆ ಅವಳು ಲ್ಯಾಬಿಗೆ ಬಂದಾಗ ದೊಡ್ಡ ಡಾಕ್ಟರು ಬಾಗಿಲು ಹಾಕಿ ಕೂರಿಸಿಕೊಂಡರು.

"ಎರಡರಲ್ಲಿ ಒಂದೇ ಬಾಟಲಿ. ನೀವು ಬರೆದಿದ್ದು ನಿಯಮದ ಪ್ರಕಾರಾನೇ ಇದೆಯಮ್ಮ. ಯಾರೂ ಬೆರಳು ತೋರಿಸೋ ಹಾಗಿಲ್ಲ. ಆ ಗೂಡು ನಿಮ್ಮ ಸ್ವಂತ ರೂಢಿ, ನಿಯಮ ಅಲ್ಲ."

"ಪುಸ್ತಕ ಕೊಡಿ ಡಾಕ್ಟ್ರೇ," ಎಂದಳು.

ಲ್ಯಾಬಿನ ಪುಸ್ತಕದಲ್ಲಿ ತಪ್ಪನ್ನು ಉಜ್ಜಿ ಅಳಿಸುವಂತಿಲ್ಲ, ಮಸಿ ಬಳಿಯುವಂತಿಲ್ಲ. ಒಂದೇ ಗೀಟು ಎಳೆಯಬೇಕು, ಕೆಳಗಿನ ಬರಹ ಓದುವಂತಿರಬೇಕು. ಪಕ್ಕದಲ್ಲಿ ಸರಿಯಾದದ್ದು, ತಾರೀಖು, ಸಹಿ. ತಿದ್ದಿದ್ದಕ್ಕೆ ಕಾರಣ ಬರೆಯಲು ಕೊನೆಯಲ್ಲೊಂದು ಸಣ್ಣ ಚೌಕ. ಅಲ್ಲಿ ಎಲ್ಲರೂ 'ಬರೆಯುವಾಗ ತಪ್ಪಾಗಿದೆ' ಎಂದು ಗೀಚಿ ಮುಗಿಸುತ್ತಾರೆ.

ಹದ್ದಕ್ಕ 'ಚರ್ಮದ್ದು, ಎಸೆಯಿರಿ' ಎಂಬುದರ ಮೇಲೆ ನೆಟ್ಟಗೆ ಗೀಟೆಳೆದಳು. ಕ್ರಿಮಿಯ ಹೆಸರು ಬರೆದಳು. ಕಣ್ಣು ಮಂಜಾಗಿ ಚೌಕ ಸರಿಯಾಗಿ ಕಾಣಲಿಲ್ಲ, ಒರೆಸಿಕೊಂಡಳು. ಆಮೇಲೆ ಸಣ್ಣ ಅಕ್ಷರದಲ್ಲಿ, ಚೌಕದೊಳಗೆ ಹಿಡಿಸುವಂತೆ ಬರೆದಳು:

'ಅವಸರ. ನಾಲ್ಕು ಗಂಟೆಗೆ ತಮ್ಮನನ್ನು ನೋಡಲು ಹೋಗಬೇಕಿತ್ತು.'